ಬ್ಯಾಕಪ್ ವರದಿ ಬರುತ್ತಿಲ್ಲವೇ? ಕ್ರಾನ್ ಸಾಕೇ, ಸಿಸ್ಟಮ್‌ಡಿ ಟೈಮರ್ ಬೇಕೇ?

ರಾಯಚೂರಿನ ಅಕ್ಕಿ ಗಿರಣಿ, ಹತ್ತಿ ವ್ಯಾಪಾರದ ಲೆಕ್ಕಪತ್ರದ ಸರ್ವರ್ ನೋಡಿಕೊಳ್ಳುವವರಿಗೆ ಈ ಮಾತು. ಬೆಳಿಗ್ಗೆ ವರದಿಯ ಮೇಲ್ ಬಂದಿಲ್ಲವೆಂದರೆ ಬ್ಯಾಕಪ್ ಆಗಿಲ್ಲ ಎಂದುಕೊಳ್ಳಬೇಡಿ. ಆಗಿದೆ ಎಂದೂ ನಂಬಬೇಡಿ.

ಕ್ರಾನ್, ಸಿಸ್ಟಮ್‌ಡಿ ಟೈಮರ್ ಎರಡೂ ಲಿನಕ್ಸ್‌ನಲ್ಲಿ ನಿಗದಿತ ಹೊತ್ತಿಗೆ ಕೆಲಸವನ್ನು ತಾನಾಗಿ ಓಡಿಸುವ ಸಾಧನಗಳು. ಕ್ರಾನ್ ಸರಳ, ಒಂದೇ ಸಾಲಲ್ಲಿ ಕೆಲಸ ಮುಗಿಯುತ್ತದೆ. ಆದರೆ ಔಟ್‌ಪುಟ್ಟನ್ನು ಅದು ಮೇಲ್ ಮೂಲಕ ಕಳಿಸುತ್ತದೆ. ಉಬುಂಟು, ಡೆಬಿಯನ್‌ಗಳಲ್ಲಿ ಪೋಸ್ಟ್‌ಫಿಕ್ಸ್‌ನಂಥ ಮೇಲ್ ತಂತ್ರಾಂಶ (ಎಂಟಿಎ) ಇಲ್ಲದಿದ್ದರೆ ಅದನ್ನು ಎಸೆದೇಬಿಡುತ್ತದೆ. ಯಂತ್ರದ ದಾಖಲೆಯಾದ ಸಿಸ್‌ಲಾಗ್‌ನಲ್ಲಿ ‘ನೋ ಎಂಟಿಎ ಇನ್‌ಸ್ಟಾಲ್ಡ್, ಡಿಸ್ಕಾರ್ಡಿಂಗ್ ಔಟ್‌ಪುಟ್’ ಎಂಬ ಸಾಲು ಸಿಕ್ಕರೆ ಕಾರಣ ಅದೇ. ಕ್ರಾನ್‌ನ ಪಾಥ್ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಕೂಡ ಚಿಕ್ಕದು. ಕೈಯಾರೆ ಓಡಿಸಿದಾಗ ಸರಿಯಾಗಿದ್ದ ಸ್ಕ್ರಿಪ್ಟ್ ರಾತ್ರಿ ಕೈಕೊಡುವುದು ಎಷ್ಟೋ ಸಲ ಇದರಿಂದಲೇ. ಆ ಹೊತ್ತಿಗೆ ಕರೆಂಟ್ ಹೋಗಿ ಯಂತ್ರ ನಿಂತಿದ್ದರೆ ಅಂದಿನ ಸರದಿ ತಪ್ಪಿತು, ಅಷ್ಟೇ.

ಟೈಮರ್‌ಗೆ ಎರಡು ಫೈಲ್ ಬರೆಯಬೇಕು. ಔಟ್‌ಪುಟ್ ತಾನಾಗಿ ಸಿಸ್ಟಮ್‌ಡಿಯ ದಾಖಲೆಯಾದ ಜರ್ನಲ್ ಸೇರುತ್ತದೆ. ಓಡುವ ಹೊತ್ತನ್ನು ಹೇಳುವ ‘ಆನ್‌ಕ್ಯಾಲೆಂಡರ್’ ಸಾಲಿನ ಜೊತೆ ‘ಪರ್ಸಿಸ್ಟೆಂಟ್’ ಹಾಕಿದ್ದರೆ ತಪ್ಪಿದ ಬ್ಯಾಕಪ್ ಯಂತ್ರ ಮತ್ತೆ ಶುರುವಾದಾಗ ನಡೆಯುತ್ತದೆ. ಮೇಲ್ ಮಾತ್ರ ಬರುವುದಿಲ್ಲ. ವಿಫಲವಾದಾಗ ತಿಳಿಯಲು ‘ಆನ್‌ಫೇಲ್ಯೂರ್’ ಜೋಡಿಸಿ. ಜರ್ನಲ್ ಡಿಸ್ಕ್‌ನಲ್ಲಿ ಉಳಿಯುತ್ತಿದೆಯೇ ಎಂದೂ ನೋಡಿ, ಇಲ್ಲದಿದ್ದರೆ ರೀಬೂಟ್ ಆದಾಗ ಅಳಿಸಿಹೋಗುತ್ತದೆ.

ರಾತ್ರಿ ಕರೆಂಟ್ ನೆಚ್ಚಲಾಗದ ಕಡೆ ನಾನು ಟೈಮರ್ ಅನ್ನೇ ಹೇಳುತ್ತೇನೆ. ಯುಪಿಎಸ್ ಗಟ್ಟಿಯಾಗಿದ್ದರೆ ಕ್ರಾನ್ ಸಾಕು; ಔಟ್‌ಪುಟ್, ಎರರ್ ಎರಡನ್ನೂ ಲಾಗ್ ಫೈಲ್‌ಗೆ ತಿರುಗಿಸಿಡಿ.