ಆಸ್ಪತ್ರೆಯ ಬೆಡ್ ಲಿಫ್ಟ್: ನೆಲಕ್ಕೆ ನೆಲ ಕೂಡದಿದ್ದರೆ ಉಳಿದದ್ದೆಲ್ಲ ದಂಡ

ಸೊಂಟದ ಎಲುಬು ಮುರಿದವರನ್ನು ಮಂಚದ ಸಮೇತ ಲಿಫ್ಟಿಗೆ ಹಾಕಿದವರಿಗೆಲ್ಲ ಒಂದು ಸಪ್ಪಳ ಗೊತ್ತು. ಮುಂದಿನ ಗಾಲಿ ಹೊಸ್ತಿಲು ಹಾಯುವಾಗ ಆಗುವ 'ದಡಕ್'. ತಳ್ಳುವವರ ಕೈಗೆ ಅದು ಏನೂ ಅಲ್ಲ. ಮಲಗಿದವರಿಗೆ ಜೀವ ಹೋಗಿ ಬಂದಂತಾಗುತ್ತದೆ. ಕಾಲಿಗೆ ಟ್ರ್ಯಾಕ್ಷನ್ ಹಾಕಿದ್ದರಂತೂ, ಅಂದರೆ ಮುರಿದ ಎಲುಬು ನೇರವಿರಲೆಂದು ಹಗ್ಗ, ರಾಟೆಯಿಂದ ತೂಕ ಕಟ್ಟಿ ಎಳೆದಿಟ್ಟಿದ್ದರಂತೂ, ಮಂಚದ ತುದಿಗೆ ಜೋತುಬಿದ್ದ ತೂಕ ಹೊಯ್ದಾಡಿ, ಮುರಿದ ಜಾಗವನ್ನೇ ಹಿಡಿದು ಜಗ್ಗುತ್ತದೆ.

ನಾನು ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಎಲುಬು-ಕೀಲು ವಾರ್ಡಿನ ಸ್ಟಾಫ್ ನರ್ಸ್. ವಾರ್ಡು ಮೂರನೇ ಮಹಡಿಯಲ್ಲಿದೆ, ಆಪರೇಷನ್ ಥಿಯೇಟರ್ ಒಂದನೆಯದರಲ್ಲಿ, ಎಕ್ಸ್-ರೇ ಮತ್ತು ಸ್ಕ್ಯಾನಿಂಗ್ ಕೆಳಗೆ. ಹಾಗಾಗಿ ನಮ್ಮ ದಿನದ ಅರ್ಧ ಕೆಲಸ ಲಿಫ್ಟಿನದೇ. ಹಳೆಯದನ್ನು ಕಿತ್ತು ಹಾಕಿಸಿದ ಹೊಸ ಬೆಡ್ ಲಿಫ್ಟ್ ಈಗಾಗಲೇ ಮೂರು ಮಳೆಗಾಲ ಕಂಡಿದೆ. ಗದಗ, ಹಾವೇರಿ ಕಡೆಯ ಸಣ್ಣ ನರ್ಸಿಂಗ್ ಹೋಮಿನವರು ಇಂಥದ್ದನ್ನು ಹಾಕಿಸುವ ಮುಂಚೆ, ಅದನ್ನು ದಿನಾ ಬಳಸುವವರ ಮಾತನ್ನೂ ಕೇಳಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಅಳತೆಯ ವಿಷಯ ಮುಗಿಸುತ್ತೇನೆ. ನಮ್ಮದು 20 ಜನರ, 1360 ಕೆ.ಜಿ.ಯ ಲಿಫ್ಟ್. ಒಳಗೆ 1300 ಮಿ.ಮೀ. ಅಗಲ, 2400 ಮಿ.ಮೀ. ಉದ್ದ. ಖರ್ಚು ಉಳಿಸಲು 15 ಜನರದು, ಅಂದರೆ 1020 ಕೆ.ಜಿ.ಯದು ಸಾಕು ಎಂದು ಹೇಳುವವರಿರುತ್ತಾರೆ. ಅದರ ಅಗಲ ಸುಮಾರು 1000 ಮಿ.ಮೀ. ಅದರಲ್ಲಿ ಸ್ಟ್ರೆಚರ್ ಹೋಗುತ್ತದೆ. ಆದರೆ ಪೂರಾ ಮಂಚ ಹಾಕಿದರೆ ರೋಗಿಯ ಪಕ್ಕ ನಿಲ್ಲಲು ಜಾಗ ಉಳಿಯುವುದಿಲ್ಲ. ನಡುದಾರಿಯಲ್ಲಿ ಅವರಿಗೆ ವಾಂತಿ ಬಂದರೆ ಮಗ್ಗುಲಿಗೆ ಹೊರಳಿಸುವವರು ಯಾರು? ಎಲುಬಿನ ರೋಗಿಗಳನ್ನು ನೋಡುವ ಆಸ್ಪತ್ರೆಯಾದರೆ 20 ಜನರದಕ್ಕಿಂತ ಕಡಿಮೆ ಬೇಡವೇ ಬೇಡ. ಟೇಪ್ ಹಿಡಿದು ಅಳೆಯುವಾಗಲೂ ಬರೀ ಮಂಚವನ್ನಲ್ಲ, ಟ್ರ್ಯಾಕ್ಷನ್ ರಾಟೆ ಕಟ್ಟಿದ ಮಂಚವನ್ನು ಅಳೆಯಿರಿ.

ಹೊಸ ಲಿಫ್ಟ್ ಬಂದ ದಿನಗಳಲ್ಲಿ ನಮಗೆ ಹಬ್ಬವಿದ್ದಂತಿತ್ತು. ಹಳೆಯದು ಬ್ರೇಕಿನ ಮೇಲೆಯೇ ನಿಲ್ಲುವ ಕಾಲದ್ದು. ಖಾಲಿ ಇದ್ದರೆ ಒಂದು ಕಡೆ, ತುಂಬಿದ್ದರೆ ಇನ್ನೊಂದು ಕಡೆ ನಿಲ್ಲುತ್ತಿತ್ತು, ಬ್ರೇಕ್ ಸವೆದಂತೆ ಇನ್ನೂ ಹೆಚ್ಚುಕಡಿಮೆ. ಹೊಸದರಲ್ಲಿ ವಿವಿವಿಎಫ್ ಡ್ರೈವ್ ಇದೆ. ಮೋಟರಿನ ವೇಗವನ್ನೇ ಮೆಲ್ಲಗೆ ಇಳಿಸುತ್ತ ಬಂದು ಮಹಡಿಗೆ ಸರಿಯಾಗಿ ನಿಲ್ಲುತ್ತದೆ, ಬ್ರೇಕಿಗೆ ಆಮೇಲೆ ಹಿಡಿದಿಟ್ಟುಕೊಳ್ಳುವ ಕೆಲಸವಷ್ಟೇ. ಹೊರಟದ್ದೂ ಗೊತ್ತಾಗುವುದಿಲ್ಲ, ನಿಂತದ್ದೂ ಗೊತ್ತಾಗುವುದಿಲ್ಲ. ಕುಂದಗೋಳ ಕಡೆಯ ಒಬ್ಬ ಅಜ್ಜಿ ಥಿಯೇಟರ್ ಬಾಗಿಲಿಗೆ ಬಂದ ಮೇಲೂ, "ಇನ್ನ ಲಿಫ್ಟಿನ್ಯಾಗ ಹೋಗೂದು ಐತೇನವಾ?" ಎಂದು ಕೇಳಿದ್ದಳು.

ಆಗ ನಮ್ಮ ಕೈಗೆ ಕೂತ ಪದ್ಧತಿಯೇ ಈಗಲೂ ನಡೆದಿದೆ. ಲಿಫ್ಟ್ ಬರುವ ಮುಂಚೆಯೇ ಸಲೈನ್ ಸ್ಟ್ಯಾಂಡು ತಗ್ಗಿಸುವುದು. ಬಾಗಿಲ ಮುಂದೆ ಮಂಚವನ್ನು ಒಂದು ಗೇಣು ಹಿಂದೆ ಮುಂದೆ ಆಡಿಸಿ ನಾಲ್ಕೂ ಗಾಲಿಗಳನ್ನು ನೇರ ಮಾಡುವುದು. ಅಡ್ಡ ತಿರುಗಿದ ಗಾಲಿ ಹೊಸ್ತಿಲ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ತಲೆಯ ಕಡೆ ಮೊದಲು ಒಳಗೆ ಹೋಗಬೇಕು, ನಾನು ತಲೆಯ ಹತ್ತಿರ, ವಾರ್ಡ್ ಬಾಯ್ ಕಾಲಿನ ಹತ್ತಿರ. ಮಂಚ ಪೂರ್ತಿ ಒಳಗಾಗುವ ತನಕ ಅವನ ಒಂದು ಕೈ ಬಾಗಿಲ ಅಂಚಿನ ಮೇಲೆಯೇ ಇರಬೇಕು. ಬಾಗಿಲಿಗೆ ಸೆನ್ಸರ್ ಪರದೆ ಇದೆ ನಿಜ, ಆದರೆ ಟ್ರ್ಯಾಕ್ಷನ್ನಿನ ತೆಳ್ಳನೆಯ ಹಗ್ಗ ಅದರ ಕಣ್ಣು ತಪ್ಪಿಸಬಹುದು. ಒಳಗೆ ಹೋದ ಮೇಲೆ ಮಂಚದ ಬ್ರೇಕ್ ಹಾಕಿ, ಆಮೇಲೆ ಬಟನ್.

ಮಳೆಗಾಲದಲ್ಲಿ ಇನ್ನೊಂದು ಕೆಲಸ ಸೇರಿಕೊಳ್ಳುತ್ತದೆ. ನವಲಗುಂದ, ಅಣ್ಣಿಗೇರಿ ಕಡೆಯಿಂದ ಬಂದವರ ಚಪ್ಪಲಿಗೆ ಮೆತ್ತಿದ ಎರೆಮಣ್ಣು ಕೆಳಮಹಡಿಯ ಹೊಸ್ತಿಲಿಗೆ ಬಂದು ಸೇರುತ್ತದೆ. ಬಾಗಿಲು ಜಾರುವ ತೋಡಿನಲ್ಲಿ ಅದು ಒಣಗಿದರೆ ಕಲ್ಲಾಗುತ್ತದೆ. ಬಾಗಿಲು ಅರ್ಧಕ್ಕೆ ಬಂದು ತಡವರಿಸಿ ಮತ್ತೆ ತೆರೆದುಕೊಳ್ಳುತ್ತದೆ. ನಮ್ಮ ಆಯಾ ದಿನಾ ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಆ ತೋಡನ್ನು ಕೆರೆದು, ಒಣ ಅರಿವೆಯಿಂದ ಒರೆಸುತ್ತಾಳೆ. ನೀರು ಹಾಕಿ ತೊಳೆಯಲು ಯಾರಿಗೂ ಬಿಡುವುದಿಲ್ಲ. ಕಂಪನಿ ಕೊಟ್ಟ ಪುಸ್ತಕಕ್ಕಿಂತ ಅವಳ ಬ್ರಷ್ಷಿನಿಂದಲೇ ಆ ಬಾಗಿಲು ಚೆನ್ನಾಗಿ ನಡೆದಿದೆ.

ಇಷ್ಟೆಲ್ಲ ಆದಮೇಲೂ ನಮ್ಮ ಖುಷಿ ಒಂದು ವರ್ಷದ ಮೇಲೆ ಬಾಳಲಿಲ್ಲ. ಎಲ್ಲಿಂದಲೋ ಆ 'ದಡಕ್' ತಿರುಗಿ ಬಂತು. ಮೊದಲು ಮೂರನೇ ಮಹಡಿಯಲ್ಲಿ, ಆಮೇಲೆ ಎಲ್ಲ ಕಡೆ. ಮಂಚದ ಮುಂದಿನ ಗಾಲಿ ಒಳಗೆ ಹೋಗುತ್ತಲೇ ಲಿಫ್ಟ್ ಸ್ವಲ್ಪ ಕುಸಿಯುತ್ತಿತ್ತು, ಹಿಂದಿನ ಗಾಲಿ ಮೇಲಿನಿಂದ ಕೆಳಗೆ ಬೀಳುತ್ತಿತ್ತು. ಹೊರಗೆ ತರುವಾಗ ಅದೇ ಅರ್ಧ ಇಂಚನ್ನು ಹತ್ತಿಸಬೇಕು. ಎರಡನೇ ಸಲ ಥಿಯೇಟರಿಗೆ ಹೋಗುವವರು ಲಿಫ್ಟ್ ಕಾಣುತ್ತಲೇ ಮಂಚದ ಕಟಕಟೆ ಗಟ್ಟಿಯಾಗಿ ಹಿಡಿದುಕೊಳ್ಳತೊಡಗಿದರು. "ಯಕ್ಕಾ, ಆ ತೆಗ್ಗ ಬಂತೇನ? ಹಗೂರಕ ದಾಟಸ್ರಿ" ಎನ್ನುವವರಿಗೆ ನಾನು ಏನು ಹೇಳಲಿ? ನೋವಿನ ಇಂಜೆಕ್ಷನ್ ಕೊಟ್ಟು ಕರೆದೊಯ್ದವರನ್ನು ಹೊಸ್ತಿಲ ಮೇಲೆ ಚೀರಿಸುವುದು ನನಗೆ ಸಹಿಸಲಾಗದ ಮಾತು.

ದೂರು ಕೊಟ್ಟಾಗಲೆಲ್ಲ ಮೆಕ್ಯಾನಿಕ್ ಬರುತ್ತಿದ್ದ, ಖಾಲಿ ಲಿಫ್ಟನ್ನು ಮೇಲೆ ಕೆಳಗೆ ಓಡಿಸುತ್ತಿದ್ದ, ಪ್ರತಿ ಮಹಡಿಯಲ್ಲೂ ಬಗ್ಗಿ ನೋಡುತ್ತಿದ್ದ, "ಲೆವೆಲ್ ಕರೆಕ್ಟ್ ಅದ ಮೇಡಂ" ಎಂದು ಪುಸ್ತಕದಲ್ಲಿ ಸಹಿ ಹಾಕಿ ಹೋಗುತ್ತಿದ್ದ. ಖಾಲಿ ಇದ್ದಾಗ ಅದು ಸರಿಯೇ ಇತ್ತು! ಆಫೀಸಿನವರಿಗೂ ಆ ಸಹಿಯೇ ಸಾಕು. ಲಿಫ್ಟಿಗೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇದೆ, ನಿಮ್ಮದೇನು ತಕರಾರು ಎಂದರು. ಲೈಸೆನ್ಸ್ ಇರಲೇಬೇಕು, ಅದು ಜೀವದ ಸುರಕ್ಷತೆಯ ಪ್ರಶ್ನೆ. ನಾನು ಕೇಳುತ್ತಿದ್ದದ್ದು ಆ ಅರ್ಧ ಇಂಚಿನ ಲೆಕ್ಕ.

ಕೊನೆಗೆ ರಾಣೆಬೆನ್ನೂರಿನ ಒಬ್ಬ ಹೊಸ ಹುಡುಗ ಬಂದ. ಅವನೂ ಖಾಲಿ ಲಿಫ್ಟ್ ಹತ್ತಿದಾಗ ನಾನು ತಡೆದೆ. "ತಮ್ಮಾ, ಮಂಚದ ಮ್ಯಾಲೆ ಒಬ್ಬರು ಮಲಗ್ತಾರ, ಮೂರು ಮಂದಿ ನಿಲ್ತೇವಿ. ಹಂಗ ನೋಡು." ವಾರ್ಡ್ ಬಾಯ್‌ನನ್ನು ಮಲಗಿಸಿ ಮಂಚ ತಳ್ಳಿದೆವು. ಹುಡುಗ ಹೊಸ್ತಿಲ ಹತ್ತಿರ ನೆಲಕ್ಕೆ ಕಿವಿ ಹಚ್ಚಿದಂತೆ ಮಲಗಿ ನೋಡಿದ. ಎದ್ದು ನಿಂತು, "ಅಕ್ಕಾರ, ನೀವು ಹೇಳೂದು ಖರೇ ಐತ್ರಿ" ಎಂದ. ಅಷ್ಟು ದಿನ ಯಾರ ಬಾಯಲ್ಲೂ ಆ ಮಾತು ಬಂದಿರಲಿಲ್ಲ.

ಅವನು ಹೇಳಿದ್ದು ಇಷ್ಟು: ಉಕ್ಕಿನ ಹಗ್ಗ ಹೊಸತಿದ್ದಾಗ ತೂಕ ಹೊತ್ತು ಹೊತ್ತು ಉದ್ದ ಹಿಗ್ಗುತ್ತದೆ, ಒಮ್ಮೆ ಹಿಗ್ಗಿದ ಮೇಲೆ ಹೊಂದಿಸಲೇಬೇಕು. ಅದಲ್ಲದೆ ಭಾರ ಬಿದ್ದಾಗಲೆಲ್ಲ ಹಗ್ಗ ಒಂದಿಷ್ಟು ಜಗ್ಗುವುದು ಸಹಜ. ಅದಕ್ಕೆಂದೇ ರೀ-ಲೆವೆಲಿಂಗ್ ಎಂಬ ಸೌಲಭ್ಯವಿದೆ. ಬಾಗಿಲು ತೆರೆದಿದ್ದಾಗಲೇ ಲಿಫ್ಟ್ ತಾನು ಕುಸಿದದ್ದನ್ನು ತಿಳಿದು, ಮೆಲ್ಲಗೆ ಎದ್ದು ನೆಲಕ್ಕೆ ಸಮ ನಿಲ್ಲುತ್ತದೆ. ನಮ್ಮ ಆರ್ಡರಿನಲ್ಲಿ ಅದು ಇತ್ತು, ಹಣವೂ ಸಂದಿತ್ತು. ಚಾಲೂ ಮಾಡಿರಲಿಲ್ಲ! ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಮುರಿದ ಎಲುಬಿನವರು ಅಷ್ಟು ತಿಂಗಳು ನರಳಿದ್ದು ಒಂದು ಸೆಟ್ಟಿಂಗಿಗಾಗಿ. ಆ ಹುಡುಗ ಇನ್ನೊಬ್ಬ ಹಿರಿಯ ತಂತ್ರಜ್ಞನನ್ನು ಕರೆತಂದು, ಹಗ್ಗ ಹೊಂದಿಸಿ, ಅದನ್ನು ಚಾಲೂ ಮಾಡಿ, ಪ್ರತಿ ಮಹಡಿಯಲ್ಲೂ ಮಂಚ ಹತ್ತಿಸಿ ಇಳಿಸಿ ನೋಡಿಯೇ ಹೋದ. ಅಂದಿನಿಂದ ಗಾಲಿ ಹಾಯ್ದದ್ದು ಮತ್ತೆ ಗೊತ್ತಾಗುತ್ತಿಲ್ಲ. ಯಂತ್ರದ ಬಗ್ಗೆ ನನಗಿದ್ದ ಬೇಸರ ಹೋಗಿದೆ. ಬೇಸರ ಉಳಿದಿರುವುದು ಅದನ್ನು ಒಪ್ಪಿಸಿ ಹೋದ ರೀತಿಯ ಮೇಲೆ.

ಕರೆಂಟಿನದೂ ಹೇಳಿಬಿಡುತ್ತೇನೆ. ಹೆಸ್ಕಾಂ ಕರೆಂಟ್ ಹೋದರೆ ಎಆರ್‌ಡಿ ಎಂಬ ಪಾರುಮಾಡುವ ಸಾಧನ ಬ್ಯಾಟರಿಯ ಮೇಲೆ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುತ್ತದೆ. ನಮ್ಮಲ್ಲಿ ಇದುವರೆಗೆ ಕೈಕೊಟ್ಟಿಲ್ಲ. ಬ್ಯಾಟರಿಗೆ ವಯಸ್ಸಾಗುತ್ತದೆ, ಬದಲಿಸುವುದನ್ನು ಮರೆಯಬೇಡಿ.

ಇನ್ನೂ ಬಗೆಹರಿಯದ್ದು ಒಳಗಿನ ದೀಪ. ಬಿಳಿ ಎಲ್‌ಇಡಿಗಳು ನೇರ ಮಲಗಿದವರ ಕಣ್ಣಿಗೇ ಹೊಡೆಯುತ್ತವೆ. ನಿಂತವರಿಗೆ ಅದು ಕಾಣುವುದೂ ಇಲ್ಲ. ನಾನು ಸೆರಗಿನಷ್ಟಗಲದ ಹಸಿರು ಬಟ್ಟೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಅವರ ಹಣೆಯ ಮೇಲೆ ಅಡ್ಡ ಹಿಡಿಯುತ್ತೇನೆ. ದೀಪವನ್ನು ಗೋಡೆಯ ಅಂಚಿಗೆ ಸರಿಸಲು ಬರೆದುಕೊಟ್ಟಿದ್ದೇವೆ, ಆಗಿಲ್ಲ.

ಹಾಕಿಸುವವರಿಗೆ ನನ್ನ ಮಾತು: ಎಎಂಸಿಯಲ್ಲಿ, ಅಂದರೆ ವರ್ಷದ ನಿರ್ವಹಣೆಯ ಕರಾರಿನಲ್ಲಿ, ಬರೀ ಸರ್ವಿಸ್‌ನದು ಬೇಡ, ಬಿಡಿಭಾಗವೂ ಸೇರಿದ್ದನ್ನು ತಗೊಳ್ಳಿ. ಲಿಫ್ಟ್ ಒಪ್ಪಿಸಿಕೊಳ್ಳುವ ದಿನ ಇಂಜಿನಿಯರ್ ಜೊತೆ ವಾರ್ಡಿನ ಒಬ್ಬ ಸಿಸ್ಟರನ್ನೂ ನಿಲ್ಲಿಸಿ. ಮಂಚದ ಮೇಲೆ ಒಬ್ಬರನ್ನು ಮಲಗಿಸಿ, ಎಲ್ಲ ಮಹಡಿಯಲ್ಲೂ ಒಳಗೆ ತಳ್ಳಿ ಹೊರಗೆ ಎಳೆಯಿರಿ. ಗಾಲಿ ಸದ್ದು ಮಾಡಿದರೆ ಸಹಿ ಹಾಕಬೇಡಿ, ಕೊನೆಯ ಕಂತನ್ನೂ ಕೊಡಬೇಡಿ.