ಬಾರ್ಸಿಲೋನಾದಿಂದ ಆಂಡೊರಾ, ಒಂದು ದಿನದ ಬಸ್ ಟೂರ್: 5ರಲ್ಲಿ 3 ಸ್ಟಾರ್

ಬಸ್ಸು ಚೆನ್ನಾಗಿತ್ತು, ಡ್ರೈವರ್ ಇನ್ನೂ ಚೆನ್ನಾಗಿದ್ದರು. ಆದರೆ ಶಾಪಿಂಗ್‌ಗೆಂದೇ ಟೂರ್ ಹಾಕಿದ ರೀತಿ ನಮ್ಮಂಥವರಿಗಲ್ಲ.

ಸ್ಪೇನ್ ಮತ್ತು ಫ್ರಾನ್ಸ್ ನಡುವಿನ ಪುಟ್ಟ ದೇಶ ಆಂಡೊರಾದಲ್ಲಿ ವಿಮಾನ ನಿಲ್ದಾಣ ಇಲ್ಲ, ರೈಲೂ ಇಲ್ಲ. ಬಾರ್ಸಿಲೋನಾದಿಂದ ರಸ್ತೆಯಲ್ಲಿ ಸುಮಾರು 3 ಗಂಟೆ. ದೇಶ ಅಂದರೆ ಒಟ್ಟು 468 ಚದರ ಕಿಲೋಮೀಟರ್, ನಮ್ಮ ಕಾಸರಗೋಡು ಜಿಲ್ಲೆಯ ಕಾಲು ಭಾಗವೂ ಇಲ್ಲ. ಗಡಿಗೆ ಮೊದಲು ಲಾ ಸೆಉ ದುರ್ಜೆಲ್ ಅನ್ನುವ ಸ್ಪೇನಿನ ಊರು ಸಿಗುತ್ತದೆ. ಅಲ್ಲಿನ ಬಿಷಪ್ ಮತ್ತು ಫ್ರಾನ್ಸಿನ ಅಧ್ಯಕ್ಷ, ಇಬ್ಬರೂ ಸೇರಿ ಆಂಡೊರಾದ ರಾಜರು! ಇಂಥದ್ದನ್ನು ಹೇಳಬೇಕಾದ ಗೈಡ್ ಮಾತ್ರ ದಾರಿಯುದ್ದಕ್ಕೂ ಪರ್ಫ್ಯೂಮ್ ರೇಟು ಹೇಳ್ತಾ ಕೂತರು.

ರಾಜಧಾನಿಯ ಮೆರಿಚೆಲ್ ರಸ್ತೆಯಲ್ಲಿ ಇಳಿಸಿ "ಇಲ್ಲಿ ಟ್ಯಾಕ್ಸ್ ಇಲ್ಲ" ಅಂದರು. ಅದು ಹಳೇ ಮಾತು. 2013ರಿಂದ ಅಲ್ಲಿ 4.5% ಮಾರಾಟ ತೆರಿಗೆ ಉಂಟು. ಆದರೂ ಸ್ಪೇನಿನಲ್ಲಿ 21%, ಫ್ರಾನ್ಸಿನಲ್ಲಿ 20% ಇರುವಾಗ ಅಲ್ಲಿಂದ ಬರುವವರಿಗೆ ಇದು ಸಸ್ತಾ ಅಲ್ವಾ? ಕೇರಳದ ನಡುವೆ ಪುದುಚೇರಿಗೆ ಸೇರಿದ ಮಾಹೆ ಇದ್ದ ಹಾಗೆ, ಅಕ್ಕಪಕ್ಕದ ತೆರಿಗೆ ಜಾಸ್ತಿ ಇರುವವರೆಗೆ ಅಂಗಡಿಗೆ ವ್ಯಾಪಾರ. ಇನ್ನೊಂದು ಆದಾಯ ಹಿಮದ್ದು, ಚಳಿಗಾಲದಲ್ಲಿ ಸ್ಕೀ ಮಾಡಲು ಬರುವವರದ್ದು. 80 ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಜನರ ದೇಶಕ್ಕೆ ವರ್ಷಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಅದಕ್ಕೇ ಮನೆ ಬಾಡಿಗೆ ಏರಿ, ಅಲ್ಲೇ ಕೆಲಸ ಮಾಡುವವರಿಗೆ ಮನೆ ಸಿಗದೆ ಜನ ಬೀದಿಗಿಳಿದದ್ದೂ ಉಂಟು.

ಈಗ ನಮ್ಮ ಲೆಕ್ಕ. ಭಾರತದಿಂದ ಪ್ರವಾಸಕ್ಕೆ ಹೋದವರು ಸ್ಪೇನಿನಲ್ಲೇ ಕೊಂಡು, ಯುರೋಪಿಯನ್ ಯೂನಿಯನ್ ಬಿಡುವಾಗ ವಿಮಾನ ನಿಲ್ದಾಣದಲ್ಲಿ ಅಂಗಡಿಯವರು ಕೊಟ್ಟ ಟ್ಯಾಕ್ಸ್ ಫ್ರೀ ಫಾರ್ಮ್ ತೋರಿಸಿದರೆ ತೆರಿಗೆಯ ದೊಡ್ಡ ಪಾಲು ವಾಪಸ್ ಸಿಗುತ್ತದೆ. ಮತ್ತೆ ಆಂಡೊರಾದಲ್ಲಿ ಉಳಿಯುವುದೇನು? ಗಲ್ಫಿನಿಂದ ಬರುವವರು ಪೆಟ್ಟಿಗೆಗಟ್ಟಲೆ ತರುವ ನಮ್ಮೂರಿಗೆ ಪರ್ಫ್ಯೂಮ್ ಬೇರೆ ಹೊಸದಾ? ಮದ್ಯದ ಬಾಟಲಿ ತರುವವರಿಗೂ ಭಾರತದ ಕಸ್ಟಮ್ಸ್‌ನಲ್ಲಿ ತಲಾ 2 ಲೀಟರ್ ಮಾತ್ರ. ವಾಪಸ್ ಬರುವಾಗ ಸ್ಪೇನಿನ ಕಸ್ಟಮ್ಸ್‌ನವರು ಬಸ್ ನಿಲ್ಲಿಸಿ ಬ್ಯಾಗುಗಳನ್ನು ನೋಡಿದರು, ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

ಇಷ್ಟಾಗಿಯೂ 3 ಕೊಟ್ಟದ್ದು ಬೆಟ್ಟಗಳಿಗೆ. ಪಿರೆನೀಸ್ ನಡುವೆ 1,000 ಮೀಟರಿಗಿಂತ ಎತ್ತರದಲ್ಲಿರುವ ಊರು, ಕಣಿವೆಯ ಗಾಳಿ, ಬಿಸಿನೀರಿನ ಬುಗ್ಗೆಗಳು. ಕಾಲ್ದೆಯಾ ಅನ್ನುವ ಬಿಸಿನೀರಿನ ಸ್ಪಾ ಅಂತೂ ಹೊರಗಿನಿಂದ ನೋಡಿದ್ದಷ್ಟೇ, ಒಳಗೆ ಹೋಗಲು ಟೈಮೇ ಕೊಡಲಿಲ್ಲ. ಬೋರ್ಡುಗಳೆಲ್ಲ ಕತಲಾನ್ ಭಾಷೆಯಲ್ಲಿ, ಅದೇ ಅಲ್ಲಿನ ಅಧಿಕೃತ ಭಾಷೆ. ನಮ್ಮ ಗಡಿನಾಡಿನ ಕನ್ನಡಿಗರಿಗೆ ಇದನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚೂ ಆಗಬಹುದು.

ಹೋಗುವುದಾದರೆ ಶಾಪಿಂಗ್ ಟೂರ್ ಬಿಟ್ಟು ಮಾಮೂಲಿ ಬಸ್ ಟಿಕೆಟ್ ತಗೊಂಡು, ಒಂದು ರಾತ್ರಿ ಉಳಿಯಿರಿ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗನ್ ವೀಸಾ ಮಲ್ಟಿಪಲ್ ಎಂಟ್ರಿಯದ್ದೇ ಬೇಕು, ಯಾಕೆಂದರೆ ಆಂಡೊರಾ ಷೆಂಗನ್‌ನಲ್ಲಿ ಇಲ್ಲ, ಸ್ಪೇನಿಗೆ ವಾಪಸ್ ಬರುವುದು ಎರಡನೇ ಎಂಟ್ರಿ. ಟೂರ್‌ನವರು ಇದನ್ನು ಬುಕಿಂಗ್ ಪೇಜಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ.