ಹೊಸ ಪಿಸ್ತೂಲಿಗೆ ಕಾಯಲಾರದೆ ನಾನು ಕಳೆದುಕೊಂಡ 612 ಡಾಲರ್

ಅಮೆರಿಕದಲ್ಲಿದ್ದುಕೊಂಡು ಕಾನೂನು ಪ್ರಕಾರ ಪಿಸ್ತೂಲು ಕೊಳ್ಳಲು ಹೊರಟಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಈಗಷ್ಟೇ ಬಿಡುಗಡೆಯಾಗಿ, ಎಲ್ಲಿ ಕೇಳಿದರೂ "ಸ್ಟಾಕ್ ಇಲ್ಲ" ಅನ್ನಿಸಿಕೊಳ್ಳುತ್ತಿರುವ ಪುಟ್ಟ ಪಿಸ್ತೂಲಿಗಾಗಿ ಕಾದು ಕೂತವರು ದಯವಿಟ್ಟು ಪೂರ್ತಿ ಓದಿ. ನಾನು 612 ಡಾಲರ್ ಕಳೆದುಕೊಂಡೆ. ಅದಕ್ಕಿಂತ ದೊಡ್ಡ ಕುತ್ತೊಂದು ಕೂದಲೆಳೆಯಲ್ಲಿ ತಪ್ಪಿತು. ಎರಡಕ್ಕೂ ಕಾರಣ ಒಂದೇ, ನನಗೆ ಕಾಯಲಾಗಲಿಲ್ಲ.

ನನ್ನ ಕೆಲಸ ಮುಗಿಯುವುದು ರಾತ್ರಿ ಹನ್ನೊಂದಕ್ಕೆ. ಕಾರು ನಿಲ್ಲಿಸುವ ಜಾಗದವರೆಗೆ ಒಬ್ಬಳೇ ನಡೆಯಬೇಕು. ಹೋದ ವರ್ಷ ಅಲ್ಲೇ ಒಬ್ಬರ ಮೇಲೆ ಹಲ್ಲೆ ಆದ ಮೇಲೆ ತರಬೇತಿಗೆ ಸೇರಿ, ಪಿಸ್ತೂಲು ಜೊತೆಗಿಟ್ಟುಕೊಂಡು ಓಡಾಡುವ ಪರ್ಮಿಟ್ ಮಾಡಿಸಿಕೊಂಡೆ. ತರಬೇತಿಯಲ್ಲಿ ಕೊಟ್ಟ ಪಿಸ್ತೂಲು ನನ್ನ ಕೈಗೆ ದೊಡ್ಡದು. ಹಿಡಿ ಸರಿಯಾಗಿ ಕೂತರೆ ತೋರುಬೆರಳಿನ ತುದಿ ಟ್ರಿಗರ್‌ಗೆ ಹೇಗೋ ತಾಗುತ್ತಿತ್ತು, ಬೆರಳು ಪೂರ್ತಿ ಇಡೋಣವೆಂದರೆ ಹಿಡಿತ ಓರೆಯಾಗುತ್ತಿತ್ತು. ಹಾಗಿದ್ದಾಗ ಒಂದು ಭಾನುವಾರ ನಮ್ಮ ಡೀಲರ್ ಅಂಗಡಿಯಲ್ಲಿ ಹೊಸ ಮಾದರಿಯ ಪ್ರದರ್ಶನದ ಪಿಸ್ತೂಲು ಕೈಗೆ ಸಿಕ್ಕಿತು. ಡೀಲರ್ ಅದು ಖಾಲಿ ಇದೆಯೆಂದು ತೆರೆದು ತೋರಿಸಿ ಕೊಟ್ಟರು, ನಾನೂ ಒಮ್ಮೆ ನೋಡಿಕೊಂಡೆ. ಹಿಡಿದರೆ ಕಿರುಬೆರಳಿಗೂ ಹಿಡಿಯ ಮೇಲೆ ಜಾಗ ಇತ್ತು. ಮೇಲ್ಭಾಗದ ಜಾರುವ ಸ್ಲೈಡ್ ಎಳೆಯಲು ಮೊಣಕೈ ಎತ್ತಿ ಹೆಣಗಬೇಕಾಗಲಿಲ್ಲ. ನನಗೋಸ್ಕರವೇ ಅಳತೆ ತೆಗೆದು ಮಾಡಿದ ಹಾಗಿತ್ತು. ಮಾರಲು ಒಂದೂ ಇರಲಿಲ್ಲ.

ಇಂಥ ಪಿಸ್ತೂಲುಗಳಿಗೆ ಯಾಕಿಷ್ಟು ಮುಗಿಬೀಳುತ್ತಾರೆ ಅನ್ನುವುದಕ್ಕೆ ಒಂದು ಹಿನ್ನೆಲೆ ಇದೆ. ಮುಂಚೆ ಬಟ್ಟೆಯೊಳಗೆ ಅಡಗುವಷ್ಟು ತೆಳ್ಳಗಿನ 9 ಎಂಎಂ ಪಿಸ್ತೂಲು ಬೇಕೆಂದರೆ ಗುಂಡು ತುಂಬುವ ಮ್ಯಾಗಜೀನಿನಲ್ಲಿ ಆರೇಳು ಗುಂಡಿಗೆ ತೃಪ್ತಿಪಡಬೇಕಿತ್ತು. 2015ರಲ್ಲಿ ಬಂದ ಗ್ಲಾಕ್ 43ರಲ್ಲಿ ಆರು. 2018ರ ಜನವರಿಯಲ್ಲಿ ಸಿಗ್ ಸಾವರ್‌ನವರ ಪಿ365 ಹೆಚ್ಚುಕಡಿಮೆ ಅಷ್ಟೇ ಗಾತ್ರದಲ್ಲಿ ಹತ್ತು ಗುಂಡಿನ ಮ್ಯಾಗಜೀನ್ ಇಟ್ಟುಕೊಂಡು ಬಂತು. ಅದು ಬಂದ ಹೊಸತರಲ್ಲಿ ಜನ ಅಂಗಡಿಯಿಂದ ಅಂಗಡಿಗೆ ಅಲೆದರು. ಆಮೇಲೆ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಅಲ್ಲಿಂದೀಚೆಗೆ ಈ ವರ್ಗದಲ್ಲಿ ಯಾವ ಹೊಸದು ಬಂದರೂ ಮೊದಲ ಕೆಲವು ತಿಂಗಳು ಇದೇ ಪಾಡು. ಕಂಪನಿಯಿಂದ ಸಗಟು ವಿತರಕರಿಗೆ ಲೆಕ್ಕ ಹಾಕಿ ಹಂಚುತ್ತಾರೆ, ಅವರು ದೊಡ್ಡ ಗಿರಾಕಿಗಳಿಗೆ ಕೊಟ್ಟು ಉಳಿದದ್ದನ್ನು ಸಣ್ಣ ಅಂಗಡಿಗಳಿಗೆ ಕಳಿಸುತ್ತಾರೆ. ನಮ್ಮ ಡೀಲರ್‌ಗೆ ಮೊದಲ ಎರಡು ತಿಂಗಳಲ್ಲಿ ಬಂದದ್ದು ಮೂರು. ಅವರ ನೋಟುಬುಕ್ಕಿನಲ್ಲಿ ನನ್ನ ಹೆಸರು ಇಪ್ಪತ್ತಮೂರನೆಯದು.

ಕಾಯುವುದು ಮೊದಲು ಅಷ್ಟು ಕಷ್ಟ ಅನ್ನಿಸಲಿಲ್ಲ. ಆಮೇಲೆ ಅದು ಚಟವಾಯಿತು. ಐದಾರು ತಾಣಗಳಲ್ಲಿ "ಬಂದ ಕೂಡಲೇ ತಿಳಿಸಿ" ಅಂತ ಇಮೇಲ್ ಕೊಟ್ಟಿಟ್ಟೆ. ಬೆಳಗಿನ ಜಾವ ಮೂರಕ್ಕೆ ಫೋನ್ ಮಿನುಗಿದರೆ ಎದ್ದು ನೋಡುವುದು. ಒತ್ತುವಷ್ಟರಲ್ಲಿ ಖಾಲಿ. ಹರಾಜಿನ ತಾಣಗಳಲ್ಲಿ ಅದೇ ಪಿಸ್ತೂಲಿಗೆ ಇನ್ನೂರು ಮುನ್ನೂರು ಡಾಲರ್ ಹೆಚ್ಚು ಕೂಗುತ್ತಿದ್ದರು. ಹಾಗೆ ಕೊಳ್ಳಲು ಮನಸ್ಸು ಒಪ್ಪಲಿಲ್ಲ. ಪಿಸ್ತೂಲು ಇಲ್ಲದಿದ್ದರೂ ಅದಕ್ಕೆ ಹೊಂದುವ, ಸೊಂಟಕ್ಕೆ ಸಿಕ್ಕಿಸುವ ಹೋಲ್‌ಸ್ಟರ್ ಚೀಲ ಮಾತ್ರ ತರಿಸಿಕೊಂಡು ಬೀರುವಿನಲ್ಲಿ ಇಟ್ಟಿದ್ದೆ. ಮನಸ್ಸು ಆ ಸ್ಥಿತಿಗೆ ಬಂದಿತ್ತು ಅಂತ ತಿಳಿಯಲಿ ಅಂತಲೇ ಇದನ್ನೆಲ್ಲ ಬಿಡಿಸಿ ಹೇಳುತ್ತಿದ್ದೇನೆ. ಮೋಸಗಾರರು ಕಾಯುವುದೂ ನಮ್ಮ ಈ ಸ್ಥಿತಿಗೇ.

ಆ ತಾಣ ಸಿಕ್ಕಿದ್ದು ಹುಡುಕಾಟದಲ್ಲಿ. "ಸ್ಟಾಕ್ ಇದೆ, ನಾಲ್ಕೇ ಉಳಿದಿವೆ" ಅಂತ ಕೆಂಪಕ್ಷರ. ಬೆಲೆ 579 ಡಾಲರ್, ಕಂಪನಿ ಹೇಳಿದ ಬೆಲೆಗಿಂತ ಇಪ್ಪತ್ತೇ ಕಮ್ಮಿ. ಅರ್ಧ ಬೆಲೆ ಅಂದಿದ್ದರೆ ನಾನೇ ನಂಬುತ್ತಿರಲಿಲ್ಲ. ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಇತ್ತು, ಕೆಳಗಡೆ ಬಂದೂಕು ಮಾರಾಟದ ಫೆಡರಲ್ ಲೈಸೆನ್ಸ್ ಸಂಖ್ಯೆಯೂ ಇತ್ತು. ಇಲ್ಲಿ ತಾಣದಲ್ಲಿ ಕೊಂಡ ಪಿಸ್ತೂಲು ಮನೆ ಬಾಗಿಲಿಗೆ ಬರುವುದಿಲ್ಲ, ನಮ್ಮ ರಾಜ್ಯದಲ್ಲಿರುವ ಲೈಸೆನ್ಸುದಾರ ಡೀಲರ್‌ಗೆ ಬರುತ್ತದೆ. ಅಲ್ಲಿಗೆ ಹೋಗಿ ಬಂದೂಕು ಕೊಳ್ಳುವವರು ತುಂಬಬೇಕಾದ ಫೆಡರಲ್ 4473 ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಮುಗಿದ ಮೇಲೇ ಕೈಗೆ. "ಮನೆಗೇ ಕಳಿಸುತ್ತೇವೆ" ಅನ್ನುವ ತಾಣ ಕಳ್ಳರದು ಅಂತ ನನಗೆ ಗೊತ್ತಿತ್ತು. ಇವರು ಹಾಗೆ ಅನ್ನಲಿಲ್ಲ. ನಿಮ್ಮ ಡೀಲರ್ ಯಾರು ಅಂತ ಕ್ರಮವಾಗಿ ಕೇಳಿದರು. ನನ್ನ ಸಂಶಯ ತೀರಿದ್ದೇ ಅಲ್ಲಿ.

ಹಣ ಕಟ್ಟುವ ಹೊತ್ತಿಗೆ "ಕಾರ್ಡ್ ವ್ಯವಸ್ಥೆ ತಾತ್ಕಾಲಿಕವಾಗಿ ಇಲ್ಲ, ಬಂದೂಕಿನ ವ್ಯಾಪಾರ ಅಂದರೆ ಬ್ಯಾಂಕಿನವರು ತೊಂದರೆ ಕೊಡುತ್ತಾರೆ" ಅಂತ ಬಂತು. ಕೆಲವು ಪಾವತಿ ಕಂಪನಿಗಳು ಬಂದೂಕಿನ ವ್ಯಾಪಾರವನ್ನು ಒಪ್ಪಿಕೊಳ್ಳುವುದಿಲ್ಲ ಅನ್ನುವುದು ನಿಜವೇ, ಹಾಗಾಗಿ ಆ ಮಾತೂ ಸರಿ ಅನ್ನಿಸಿತು. ಬ್ಯಾಂಕಿನ ಆ್ಯಪ್‌ನಿಂದ ನೇರ ಕಳಿಸಿ ಅಂದರು. ಸಾಗಣೆ 33 ಸೇರಿ 612. ಹಣ ಪಡೆಯುವವರ ಜಾಗದಲ್ಲಿ ಅಂಗಡಿಯ ಹೆಸರಿರಲಿಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರಿತ್ತು. ನನ್ನ ಬೆರಳು ಅಲ್ಲಿ ಒಂದು ಕ್ಷಣ ನಿಂತಿದ್ದು ಈಗಲೂ ನೆನಪಿದೆ. ಮೇಲ್ಗಡೆ "ನಾಲ್ಕೇ ಉಳಿದಿವೆ" ಇದ್ದದ್ದು "ಎರಡೇ ಉಳಿದಿವೆ" ಆಗಿತ್ತು. ಒತ್ತಿಬಿಟ್ಟೆ.

ನಾಲ್ಕನೆಯ ದಿನ ಡೀಲರ್ ಅಂಗಡಿಗೆ ಹೋಗಿ, ನನ್ನದೊಂದು ಪಾರ್ಸೆಲ್ ಬರುವುದಿದೆ ಅಂದೆ. ವಯಸ್ಸಾದ ಮನುಷ್ಯ, ಕನ್ನಡಕ ಹಣೆಗೇರಿಸಿಕೊಂಡು ಕೇಳಿದರು, "ಯಾರು ಕಳಿಸುತ್ತಿದ್ದಾರೆ? ನನ್ನ ಲೈಸೆನ್ಸ್ ಪ್ರತಿ ಯಾರೂ ಕೇಳಿಲ್ಲವಲ್ಲ?" ಅಸಲಿ ಮಾರಾಟಗಾರ ಪಿಸ್ತೂಲು ರವಾನಿಸುವ ಮೊದಲು ಪಡೆಯುವ ಡೀಲರ್ ಲೈಸೆನ್ಸ್ ತರಿಸಿಕೊಂಡು ಖಾತ್ರಿಪಡಿಸಿಕೊಳ್ಳಲೇಬೇಕು. ಆ ತಾಣದವರು ಹೆಸರು ಬರೆದುಕೊಂಡದ್ದು ಬಿಟ್ಟರೆ ಒಂದು ಕರೆಯನ್ನೂ ಮಾಡಿರಲಿಲ್ಲ. ನಮ್ಮ ಡೀಲರ್ ಆಗಲೇ ಗಣಕದಲ್ಲಿ, ಬಂದೂಕು ಲೈಸೆನ್ಸ್ ಕೊಡುವ ಫೆಡರಲ್ ಇಲಾಖೆಯಾದ ಎಟಿಎಫ್‌ನ ಇಝೀ ಚೆಕ್ ಪುಟ ತೆರೆದು, ತಾಣದಲ್ಲಿದ್ದ ಲೈಸೆನ್ಸಿನ ಮೊದಲ ಮೂರು ಅಂಕೆ, ಕೊನೆಯ ಐದು ಅಂಕೆ ಹೊಡೆದರು. ಸಂಖ್ಯೆ ಅಸಲಿಯೇ. ಆದರೆ ಅದು ಬೇರೊಂದು ರಾಜ್ಯದ ಗಿರವಿ ಅಂಗಡಿಯದು. ಅಲ್ಲಿಗೆ ಫೋನ್ ಮಾಡಿದರೆ ಎತ್ತಿದ ಹೆಂಗಸು ನನ್ನ ಮಾತು ಮುಗಿಯುವ ಮೊದಲೇ "ನೀವೂನಾ?" ಅಂದರು. ಅವರ ಲೈಸೆನ್ಸ್ ಸಂಖ್ಯೆಯನ್ನು ಕದ್ದು ಹಾಕಿಕೊಂಡಿದ್ದರಂತೆ.

ಆ ಪುಟ ಯಾರು ಬೇಕಾದರೂ ನೋಡಬಹುದಾದದ್ದು. ಒಂದು ನಿಮಿಷದ ಕೆಲಸ. ಅದರಲ್ಲಿ ಬರುವ ಅಂಗಡಿಯ ಹೆಸರು, ವಿಳಾಸ ತಾಣದ್ದಕ್ಕೆ ಹೊಂದುತ್ತದೆಯೇ ನೋಡಿ. ಹೊಂದಿದರೂ ಅಲ್ಲಿಗೇ ನಿಲ್ಲಬೇಡಿ. ಆ ಅಂಗಡಿಯ ಫೋನ್ ನಂಬರನ್ನು ಬೇರೆ ಕಡೆಯಿಂದ ಹುಡುಕಿ, ಕರೆ ಮಾಡಿ, "ಈ ತಾಣ ನಿಮ್ಮದಾ?" ಅಂತ ಕೇಳಿ.

ಅದೇ ರಾತ್ರಿ ಇನ್ನೊಂದು ಇಮೇಲ್ ಬಂತು. ಸಾಗಣೆ ಕಂಪನಿಯವರಂತೆ, ಪಾರ್ಸೆಲ್ ದಾರಿಯಲ್ಲಿ ನಿಂತಿದೆಯಂತೆ, 350 ಡಾಲರ್ ವಿಮೆ ಕಟ್ಟಿದರೆ ಬಿಡುತ್ತಾರಂತೆ, ತಲುಪಿದ ಮೇಲೆ ವಾಪಸ್ ಕೊಡುತ್ತಾರಂತೆ. ಡೀಲರ್ ಅಂಗಡಿಗೆ ಆ ದಿನ ಹೋಗದಿದ್ದರೆ ಅದನ್ನೂ ಕಟ್ಟುತ್ತಿದ್ದೆನೋ ಏನೋ. ಮೊದಲು ಕೊಟ್ಟದ್ದು ಮುಳುಗಬಾರದು ಅಂತ ಮತ್ತೆ ಕೊಡುವವರೇ ಹೆಚ್ಚು.

ಬ್ಯಾಂಕಿನವರು ಕೈಯೆತ್ತಿದರು. ಹಣ ಕಳಿಸಿದ್ದು ನೀವೇ, ನಿಮ್ಮ ಒಪ್ಪಿಗೆಯಿಂದಲೇ ಹೋಗಿದೆ ಅಂದರು. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ, ವಸ್ತು ಬರಲಿಲ್ಲವೆಂದು ಸ್ಟೇಟ್‌ಮೆಂಟ್ ಬಂದ 60 ದಿನದೊಳಗೆ ಬರೆದುಕೊಟ್ಟು ತಕರಾರು ಹೂಡುವ ಹಕ್ಕು ಫೆಡರಲ್ ಕಾನೂನಿನಲ್ಲೇ ಇದೆ. ಎಫ್‌ಬಿಐನ ಅಂತರಜಾಲ ಅಪರಾಧ ದೂರು ಕೇಂದ್ರಕ್ಕೆ, ಫೆಡರಲ್ ಟ್ರೇಡ್ ಕಮಿಷನ್‌ಗೆ ದೂರು ಕೊಟ್ಟೆ. ದುಡ್ಡು ಬರಲಿಲ್ಲ.

ಈಗ ಆ ದೊಡ್ಡ ಕುತ್ತಿನ ವಿಷಯ. ಇದನ್ನು ಓದದೆ ಬಿಡಬೇಡಿ, ದುಡ್ಡಿನ ಮೋಸಕ್ಕಿಂತ ಇದೇ ನಮ್ಮವರನ್ನು ಹಾಳು ಮಾಡುವಂಥದ್ದು. ನನ್ನ ದುಃಖ ಕೇಳಿದ ಚಿಕ್ಕಮ್ಮನ ಮಗ ಫೋನ್ ಮಾಡಿದ. ಪಕ್ಕದ ರಾಜ್ಯದಲ್ಲಿದ್ದಾನೆ, ಅಮೆರಿಕದ ಪ್ರಜೆ. "ಅಕ್ಕ, ಇಲ್ಲಿ ಅಂಗಡಿಯಲ್ಲಿ ಒಂದು ಇದೆ. ನನ್ನ ಹೆಸರಲ್ಲಿ ತಗೊಂಡು ಶನಿವಾರ ಬರುವಾಗ ತರ್ತೀನಿ. ದುಡ್ಡು ಆಮೇಲೆ ಕೊಡು" ಅಂದ. ಪಾಪ, ಅವನ ಮನಸ್ಸಿನಲ್ಲಿ ಅಕ್ಕನಿಗೆ ಸಹಾಯ ಅಷ್ಟೇ. ನಾನೂ ಹೂಂ ಅಂದುಬಿಟ್ಟೆ. ಖುಷಿಯಿಂದ ಡೀಲರ್‌ಗೆ ಫೋನ್ ಮಾಡಿ, ನನ್ನ ಹೆಸರು ಪಟ್ಟಿಯಿಂದ ತೆಗೆಯಿರಿ, ತಮ್ಮ ತರುತ್ತಾನೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಅಮ್ಮಾ, ಈಗಲೇ ಅವನಿಗೆ ಫೋನ್ ಮಾಡಿ ಬೇಡ ಅನ್ನಿ. ಉಳಿದದ್ದು ಆಮೇಲೆ ಹೇಳುತ್ತೇನೆ" ಅಂದರು.

4473 ಫಾರಂನಲ್ಲಿ ಹೌದು-ಇಲ್ಲ ಅಂತ ಉತ್ತರಿಸುವ ಪ್ರಶ್ನೆಗಳ ಸಾಲಿನ ಮೊದಲನೆಯದೇ, ಈ ಬಂದೂಕಿನ ನಿಜವಾದ ಖರೀದಿದಾರರು ನೀವೇನಾ ಅಂತ. ನನ್ನ ದುಡ್ಡಿಗೆ, ನನಗಾಗಿ ಕೊಳ್ಳುವ ತಮ್ಮ ಅಲ್ಲಿ ಹೌದು ಅಂದರೆ ಅದು ಸುಳ್ಳು ಹೇಳಿಕೆ, ಫೆಡರಲ್ ಅಪರಾಧ. ಇಬ್ಬರಿಗೂ ಕೊಳ್ಳುವ ಅರ್ಹತೆ ಇದೆಯಲ್ಲ, ಏನು ತಪ್ಪು ಅಂತ ನಾನು ವಾದ ಮಾಡಿದೆ. ಆಗ ಡೀಲರ್ ಏಬ್ರಾಮ್‌ಸ್ಕಿ ಪ್ರಕರಣ ಹೇಳಿದರು. ವರ್ಜೀನಿಯಾದ ಮಾಜಿ ಪೊಲೀಸ್ ಒಬ್ಬರು ರಿಯಾಯಿತಿ ಸಿಗುತ್ತದೆಂದು ತಮ್ಮ ಚಿಕ್ಕಪ್ಪನಿಗಾಗಿ ಗ್ಲಾಕ್ 19 ಕೊಂಡರು. ಚಿಕ್ಕಪ್ಪ 400 ಡಾಲರ್ ಚೆಕ್ ಮೊದಲೇ ಕಳಿಸಿದ್ದರು. ಆಮೇಲೆ ಪೆನ್ಸಿಲ್ವೇನಿಯಾದ ಡೀಲರ್ ಮೂಲಕ, ಚಿಕ್ಕಪ್ಪನ ಹಿನ್ನೆಲೆ ತಪಾಸಣೆ ಮಾಡಿಸಿಯೇ ಕೊಟ್ಟರು. ಇಬ್ಬರೂ ಬಂದೂಕು ಹೊಂದಲು ಅರ್ಹರು. ಆದರೂ 2014ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಲ್ಲಿ ಅದು ಅಪರಾಧವೇ ಅಂತ ತೀರ್ಪು ಕೊಟ್ಟಿತು. ನನ್ನ ತಮ್ಮ ಮಾಡಹೊರಟದ್ದು ಅದಕ್ಕಿಂತ ಕೆಟ್ಟದ್ದು. ಡೀಲರ್ ಇಲ್ಲದೆ ಒಂದು ರಾಜ್ಯದವರು ಇನ್ನೊಂದು ರಾಜ್ಯದವರಿಗೆ ಪಿಸ್ತೂಲು ಕೈಗೆ ಕೊಡುವುದೇ ಬೇರೆ ಅಪರಾಧ. ಫಾರಂನಲ್ಲಿ ಹೀಗೆ ಸುಳ್ಳು ಹೇಳುವುದಕ್ಕೆ 10 ವರ್ಷದವರೆಗೆ ಜೈಲು ಆಗಬಹುದು, ಬಂದೂಕು ಹೊಂದಲು ಅರ್ಹತೆಯೇ ಇಲ್ಲದವರಿಗಾಗಿ ಅಂತ ಗೊತ್ತಿದ್ದೂ ಕೊಂಡರೆ 2022ರ ಕಾನೂನಿನಲ್ಲಿ 15 ವರ್ಷದವರೆಗೆ. ಅವನಿಗೆ ಎರಡು ವರ್ಷದ ಮಗಳಿದ್ದಾಳೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿಜವಾದ ಉಡುಗೊರೆಗೆ ಆ ಫಾರಂ ಅವಕಾಶ ಕೊಡುತ್ತದೆ. ಆದರೆ ದುಡ್ಡು ಕೈ ಬದಲಾಯಿಸಿತೆಂದರೆ ಅದು ಉಡುಗೊರೆಯಲ್ಲ.

ಇನ್ನೊಂದು ಮಾತು, ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ್ದು. ನೀವು ಎಚ್-1ಬಿ, ಎಚ್-4, ಎಲ್-1, ಎಫ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿ ಇದ್ದರೆ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿ ಬಿಟ್ಟರೆ ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಹಸಿರು ಕಾರ್ಡ್ ಬಂದವರಿಗೆ ಈ ನಿಷೇಧ ಇಲ್ಲ. ವೀಸಾದಲ್ಲಿರುವ ಸ್ನೇಹಿತರು "ನನಗೊಂದು ತೆಗೆದುಕೊಡು" ಅಂದರೆ ಎಷ್ಟೇ ಬೇಕಾದವರಾದರೂ ಒಪ್ಪಬೇಡಿ. ಸಂಶಯ ಇದ್ದರೆ ವಲಸೆ ವಕೀಲರನ್ನು ಕೇಳಿ.

ಕಾಯುವ ಸಂಕಟದಲ್ಲಿ ನನಗೆ ಮರೆತೇ ಹೋದ ಸಂಗತಿ ಇನ್ನೂ ಒಂದಿದೆ. ಹೊಸ ಮಾದರಿಯ ಮೊದಲ ಕಂತು ಸಿಕ್ಕವರೆಲ್ಲ ಅದೃಷ್ಟವಂತರಲ್ಲ. ರೂಗರ್‌ನವರ ಪುಟ್ಟ ಎಲ್‌ಸಿಪಿ 2008ರಲ್ಲಿ ಬಂದು ಅದೇ ವರ್ಷ, ಕೆಳಗೆ ಬಿದ್ದರೆ ಗುಂಡು ಹಾರಬಹುದು ಅನ್ನುವ ಕಾರಣಕ್ಕೆ ವಾಪಸ್ ಕರೆಸಿಕೊಂಡರು. 2012ರಲ್ಲಿ ಬಂದ ಸ್ಮಿತ್ ಅಂಡ್ ವೆಸನ್ ಶೀಲ್ಡ್‌ನ ಟ್ರಿಗರ್ ಪರೀಕ್ಷಿಸಿಕೊಳ್ಳಿ ಅಂತ 2013ರ ಆಗಸ್ಟ್‌ನಲ್ಲಿ ಕಂಪನಿಯೇ ಸೂಚನೆ ಹೊರಡಿಸಿತು. ಅದೇ ತಿಂಗಳು ಸ್ಪ್ರಿಂಗ್‌ಫೀಲ್ಡ್‌ನ ಎಕ್ಸ್‌ಡಿ-ಎಸ್ ವಾಪಸಾಯಿತು. ರೆಮಿಂಗ್ಟನ್ ಆರ್51ರದ್ದಂತೂ ಎಲ್ಲಕ್ಕಿಂತ ಕೆಟ್ಟ ಕಥೆ. 2014ರಲ್ಲಿ ಜನ ಮುಗಿಬಿದ್ದು ಕೊಂಡರು, ಅದೇ ವರ್ಷ ಕಂಪನಿ ಮಾರಾಟ ನಿಲ್ಲಿಸಿ ಬದಲಿ ಕೊಡುತ್ತೇವೆ ಅಂದಿತು, ಸರಿಪಡಿಸಿದ್ದು ಮತ್ತೆ ಬಂದದ್ದು 2016ರಲ್ಲಿ. ಆರು ತಿಂಗಳು, ಒಂದು ವರ್ಷ ಬಿಟ್ಟು ಕೊಂಡವರಿಗೆ ಇಂಥ ದೋಷ ತಿದ್ದಿದ ಪಿಸ್ತೂಲು ಸಿಗುತ್ತದೆ. ಹೆಚ್ಚುವರಿ ಮ್ಯಾಗಜೀನ್, ಹೋಲ್‌ಸ್ಟರ್ ಎಲ್ಲ ಅಷ್ಟರಲ್ಲಿ ಅಂಗಡಿಗೆ ಬಂದಿರುತ್ತವೆ. ಕೈಯಲ್ಲಿ ಈಗಾಗಲೇ ಹಳೆಯ, ನಂಬಿಕೆಯ ಪಿಸ್ತೂಲು ಇದ್ದವರಿಗೆ ಕಾದು ಕಳೆದುಕೊಳ್ಳುವುದೇನೂ ಇಲ್ಲ ಅಂತ ನನ್ನ ಅಭಿಪ್ರಾಯ. ಇಲ್ಲದವರು ಕೈಗೆ ಹೊಂದುವ ಬೇರೆ ಮಾದರಿ ಬಾಡಿಗೆಗೆ ಪಡೆದು ಹೊಡೆದು ನೋಡಿ. ನಾನು ಹಾಗೆ ಮಾಡಿಯೇ ಇರಲಿಲ್ಲ.

ನನ್ನ ಸರದಿ ಬಂದದ್ದು ಏಳನೆಯ ತಿಂಗಳಿಗೆ. ಅಷ್ಟು ಹೊತ್ತಿಗೆ ಗಾಜಿನ ಕಪಾಟಿನಲ್ಲಿ ಮೂರು ಕೂತಿದ್ದವು, ಬೆಲೆಯೂ ಇಳಿದಿತ್ತು. ಫಾರಂ ತುಂಬಿ, ಆ ಮೊದಲ ಪ್ರಶ್ನೆಗೆ ನಿಧಾನವಾಗಿ ಹೌದು ಅಂತ ಗುರುತು ಹಾಕಿದೆ. ತಪಾಸಣೆ ಹತ್ತು ನಿಮಿಷದಲ್ಲಿ ಮುಗಿಯಿತು. ಪಿಸ್ತೂಲು ಚೆನ್ನಾಗಿದೆ. ಇನ್ನೂರು ಗುಂಡು ಹೊಡೆದು, ಒಂದೂ ಸಿಕ್ಕಿಕೊಳ್ಳದ ಮೇಲೇ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಇಷ್ಟು ದಿನ ಬಿಟ್ಟು ಈಗ ಬರೆಯಲು ಕಾರಣ ಇದೆ. ಈ ವಾರ ಇನ್ನೊಂದು ಕಂಪನಿಯ ಹೊಸ ಪುಟ್ಟ ಪಿಸ್ತೂಲು ಬಿಡುಗಡೆಯಾಗಿದೆ, ಅದೂ ಎಲ್ಲೂ ಸಿಗುತ್ತಿಲ್ಲ. ನಿನ್ನೆ ರಾತ್ರಿ ಹುಡುಕಿ ನೋಡಿದೆ. ನಾಲ್ಕನೆಯ ಸಾಲಿನಲ್ಲೇ ಒಂದು ತಾಣ ಬಂತು. ಹೆಸರು ಬೇರೆ, ಲೈಸೆನ್ಸ್ ಸಂಖ್ಯೆ ಬೇರೆ. ಆದರೆ ಅಂಗಡಿಯ ಒಳಗಿನ ಫೋಟೊ ಅದೇ, ಗೋಡೆಯ ಮೇಲಿನ ಜಿಂಕೆಯ ತಲೆಯೂ ಅದೇ, ಕೆಳಗೆ ಅದೇ ಕೆಂಪಕ್ಷರ, "ನಾಲ್ಕೇ ಉಳಿದಿವೆ."